ಬಲೆಯಂಗಿ ತಂಪೇಕೆ?

ಉಣ್ಣೆಯ ಸ್ವೆಟರೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ತುಂಬ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಬೇಸಗೆಗೆಂದು ಹತ್ತಿಯ ನೂಲಿನಲ್ಲಿ ಹೆಣೆದ ಕ್ರೋಷಾ ಅಂಗಿಯಲ್ಲಿಯೂ ತುಂಬಿರುವುದು ರಂಧ್ರಗಳೇ. ಎರಡೂ ಕುಣಿಕೆಗಳಿಂದಾದ ಬಟ್ಟೆಗಳು. ಎರಡರಲ್ಲಿಯೂ ನೂಲಿಗಿಂತ ಗಾಳಿಯೇ ಹೆಚ್ಚು. ಹೀಗಿದ್ದರೂ ಮೊದಲನೆಯದು ಮೈಯನ್ನು ಬೆಚ್ಚಗಿಡುತ್ತದೆ, ಎರಡನೆಯದು ತಂಪಾಗಿಡುತ್ತದೆ. ಇದಕ್ಕೆ ಕಾರಣವೇನು?

ಉಣ್ಣೆ ಬಿಸಿ, ಹತ್ತಿ ತಂಪು ಎಂದು ಉತ್ತರ ಕೊಟ್ಟುಬಿಡುವುದು ಸುಲಭ. ಆದರೆ ಹತ್ತಿಯನ್ನೇ ತುಂಬಿದ ರಜಾಯಿ ಚಳಿಗಾಲದ ರಾತ್ರಿ ನಮ್ಮನ್ನು ಬೆಚ್ಚಗಿಡುವುದಿಲ್ಲವೆ? ಆದುದರಿಂದ ಉತ್ತರವನ್ನು ನೂಲಿನಲ್ಲಿ ಮಾತ್ರ ಹುಡುಕಿದರೆ ಸಾಲದು. ನೂಲುಗಳ ನಡುವೆ ಇರುವ ಗಾಳಿಯಲ್ಲಿ ಹುಡುಕಬೇಕು. ಹಗುರವಾದ, ಸಡಿಲವಾದ ಒಂದು ಕ್ರೋಷಾ ಕಿಮೋನೊವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡೋಣ.

ಕಿಮೋನೊ ಜಪಾನೀಯರ ಸಾಂಪ್ರದಾಯಿಕ ಉಡುಪು. ಸುಮಾರು 36 ಸೆಂ. ಮೀ. ಅಗಲ, 12 ಮೀಟರ್ ಉದ್ದದ ಒಂದೇ ಬಟ್ಟೆಯನ್ನು ನೇರ ಗೆರೆಗಳಲ್ಲಿ ಕತ್ತರಿಸಿ, ಆಯತಾಕಾರದ ತುಂಡುಗಳನ್ನು ಜೋಡಿಸಿ ಅದನ್ನು ಹೊಲಿಯುತ್ತಾರೆ. ಮೈಯ ಅಂಕುಡೊಂಕುಗಳಿಗೆ ತಕ್ಕಂತೆ ಅದನ್ನು ಕತ್ತರಿಸುವುದಿಲ್ಲ. ತೋಳುಗಳು ಬಹಳ ಅಗಲ. ಹೆಂಗಸರ ಕಿಮೋನೊಗಳಲ್ಲಿ ಕಂಕುಳ ಕೆಳಗೆ ಸ್ವಲ್ಪ ಭಾಗವನ್ನು ಹೊಲಿಯದೆ ತೆರೆದೇ ಬಿಟ್ಟಿರುತ್ತಾರೆ. ಜಪಾನಿನ ಬೇಸಗೆ ತೇವದಿಂದ ಕೂಡಿದ ಸೆಕೆಗಾಲ. ಸಂಪ್ರದಾಯದಂತೆ ಜೂನ್ 1 ರಂದು ಒಳಪದರವಿಲ್ಲದ ಉಡುಪಿಗೂ, ಜುಲೈ ಆಗಸ್ಟ್ ತಿಂಗಳುಗಳಲ್ಲಿ 'ರೊ', 'ಶಾ' ಎಂಬ ಜಾಳುಜಾಳಾದ ನೇಯ್ಗೆಯ ಬಟ್ಟೆಗಳಿಗೂ ಅಲ್ಲಿ ಬದಲಾಯಿಸುವರು. ಈ ಬಟ್ಟೆಗಳು ಮಗ್ಗದಲ್ಲಿ ನೇಯ್ದವು. ಕ್ರೋಷಾ ಹೆಣಿಗೆ ಜಪಾನಿನ ಹಳೆಯ ಪದ್ಧತಿಯಲ್ಲ. ಇಂದು ಕ್ರೋಷಾ ಕಿಮೋನೊ ಎಂದು ಕರೆಯುವುದು ಆ ಉಡುಪಿನ ಆಕಾರವನ್ನು ಮಾತ್ರ ಎರವಲು ಪಡೆದ, ನಡುಪಟ್ಟಿಯಿಲ್ಲದ, ಮುಂದೆ ತೆರೆದಿರುವ ಮೇಲಂಗಿಯನ್ನು. ನಮ್ಮ ಮನೆಗಳಲ್ಲಿ ಬಾಗಿಲ ತೋರಣವನ್ನೂ ಮೇಜಿನ ಹೊದಿಕೆಯನ್ನೂ ಹೆಣೆಯುವ ಅದೇ ಕೊಕ್ಕೆಕಡ್ಡಿ ಇದಕ್ಕೂ ಸಾಕು.

ದೇಹವೆಂಬ ಒಲೆ

ಸುಮ್ಮನೆ ಕುಳಿತಿರುವ ಮನುಷ್ಯನ ದೇಹ ಸುಮಾರು 100 ವಾಟಿನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಎಂದರೆ ಗಂಟೆಗೆ 360 ಕಿಲೊಜೂಲ್. ಈ ಶಾಖ ಹೊರಗೆ ಹೋಗದೆ ಒಳಗೇ ಉಳಿಯಿತೆನ್ನಿ. 60 ಕಿಲೊಗ್ರಾಂ ತೂಗುವ ದೇಹವೊಂದರ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 210 ಕಿಲೊಜೂಲ್ ಬೇಕು. ಆದುದರಿಂದ ಗಂಟೆಗೆ 1.7° ಸೆಂ.ನಂತೆ ಮೈಯ ಉಷ್ಣತೆ ಏರುತ್ತ ಹೋಗಿ, ಮೂರು ಗಂಟೆಗಳಲ್ಲಿ 37° ಯಿಂದ 42° ಯನ್ನು ಮುಟ್ಟುವುದು. ಅದು ಪ್ರಾಣಾಪಾಯದ ಮಟ್ಟ. ಬೇಸಗೆಯ ಉಡುಪಿನ ವಿಚಾರ ಕೇವಲ ಅಲಂಕಾರದ ವಿಚಾರವಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಶಾಖ ಹೊರಹೋಗಲು ಇರುವ ಮುಖ್ಯ ದಾರಿಗಳು ಮೂರು: ಚರ್ಮಕ್ಕೆ ತಗುಲಿದ ಗಾಳಿ ಬಿಸಿಯಾಗಿ ಸಾಗಿಹೋಗುವ ಸಂವಹನ, ಸುತ್ತಲಿನ ವಸ್ತುಗಳಿಗೆ ನಡೆಯುವ ವಿಕಿರಣ, ಬೆವರು ಆರುವ ಬಾಷ್ಪೀಕರಣ. ಸೆಕೆಯಲ್ಲಿ ಚರ್ಮದ ಉಷ್ಣತೆ ಸುಮಾರು 35° ಇರುತ್ತದೆ. ಸುತ್ತಲಿನ ಗಾಳಿ ಮತ್ತು ವಸ್ತುಗಳು ಸಹ ಅಷ್ಟೇ ಬಿಸಿಯಾದರೆ ಮೊದಲೆರಡು ದಾರಿಗಳು ಮುಚ್ಚಿಹೋಗುವುವು. ಆಗ ಬೆವರೊಂದೇ ಗತಿ. ಒಂದು ಗ್ರಾಂ ಬೆವರು ಆರುವಾಗ ಸುಮಾರು 2.4 ಕಿಲೊಜೂಲ್ ಶಾಖವನ್ನು ಮೈಯಿಂದ ಸೆಳೆದುಕೊಳ್ಳುತ್ತದೆ. ಆದುದರಿಂದ ಗಂಟೆಗೆ 150 ಗ್ರಾಂ ಬೆವರು ಆರಿದರೆ ಆ 360 ಕಿಲೊಜೂಲುಗಳ ಲೆಕ್ಕ ಸರಿಹೋಯಿತು. ಆದರೆ ಬೆವರು ಆರಬೇಕು. ಹನಿಯಾಗಿ ಕೆಳಗೆ ಬಿದ್ದರೆ ಪ್ರಯೋಜನವಿಲ್ಲ.

ನಿಂತ ಗಾಳಿ, ನಡೆಯುವ ಗಾಳಿ

ಗಾಳಿ ಬಹಳ ಕೆಟ್ಟ ಶಾಖವಾಹಕ. ಅದರ ವಾಹಕತ್ವ ನೀರಿನದರ ಸುಮಾರು ಇಪ್ಪತ್ತಮೂರನೆಯ ಒಂದು ಪಾಲು ಮಾತ್ರ. ಆದರೆ ಈ ಗುಣ ಗಾಳಿ ನಿಶ್ಚಲವಾಗಿರುವಾಗ ಮಾತ್ರ ನಮ್ಮನ್ನು ಬೆಚ್ಚಗಿಡುತ್ತದೆ. ಸ್ವೆಟರಿನ ಉಣ್ಣೆಯ ನವಿರಾದ ಎಳೆಗಳು ಗಾಳಿಯನ್ನು ಅಲುಗದಂತೆ ಹಿಡಿದಿಡುತ್ತವೆ. ಅದೇ ಸ್ವೆಟರನ್ನು ತೊಟ್ಟು ಚಳಿಯ ಬೆಳಗ್ಗೆ ಸ್ಕೂಟರಿನಲ್ಲಿ ವೇಗವಾಗಿ ಹೋದರೆ ಏನಾಗುವುದು? ಎದುರುಗಾಳಿ ರಂಧ್ರಗಳ ಮೂಲಕ ನುಗ್ಗಿ, ಬೆಚ್ಚಗಿನ ಗಾಳಿಯನ್ನು ಹೊರದೂಡಿ, ಎದೆಯನ್ನು ನಡುಗಿಸುತ್ತದೆ. ಮೇಲೊಂದು ತೆಳ್ಳನೆಯ ಗಾಳಿತಡೆಯ ಅಂಗಿ ಹಾಕಿಕೊಂಡರೆ ಸ್ವೆಟರು ಮತ್ತೆ ಬೆಚ್ಚಗಾಗುತ್ತದೆ.

ಇದನ್ನು ಬಹು ಚೆನ್ನಾಗಿ ತೋರಿಸಿಕೊಟ್ಟದ್ದು ನಾರ್ವೆಯ ಬಲೆಯ ಬನಿಯನು. 1933 ರಲ್ಲಿ ಹೆನ್ರಿಕ್ ಬ್ರೂನ್ ಎಂಬ ಸೇನಾಧಿಕಾರಿ ಮೀನಿನ ಬಲೆಯಿಂದ ಇಂಥ ಒಳ ಅಂಗಿಯನ್ನು ಮಾಡಿಸಿದನು. ಮೇಲೆ ಒತ್ತಾದ ಬಟ್ಟೆಯಿದ್ದಾಗ ಬಲೆಯ ಕಣ್ಣುಗಳಲ್ಲಿ ಗಾಳಿ ಸೆರೆಯಾಗಿ ಮೈ ಬೆಚ್ಚಗಿರುವುದು; ಮೇಲಂಗಿಯನ್ನು ತೆರೆದೊಡನೆ ಅದೇ ಕಣ್ಣುಗಳ ಮೂಲಕ ಗಾಳಿಯಾಡಿ ಬೆವರು ಆರುವುದು. 1953 ರ ಎವರೆಸ್ಟ್ ಆರೋಹಣದ ತಂಡದವರ ಉಡುಪುಗಳಲ್ಲಿಯೂ ಬಲೆಯ ಬನಿಯನು ಸೇರಿತ್ತು. ಕಣ್ಣುಗಳು ಅವೇ, ಗಾಳಿ ನಿಂತರೆ ಬಿಸಿ, ನಡೆದರೆ ತಂಪು. ನಮ್ಮ ಪ್ರಶ್ನೆಗೆ ಉತ್ತರ ಇಷ್ಟೆ.

ಸಡಿಲ ಎಷ್ಟಿರಬೇಕು?

ಮೈಗೂ ಬಟ್ಟೆಗೂ ನಡುವೆ ಇರುವ ಗಾಳಿಯ ಪದರ ಸುಮಾರು ಒಂದು ಸೆಂಟಿಮೀಟರಿಗಿಂತ ತೆಳುವಾಗಿದ್ದರೆ ಅದು ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ದಪ್ಪ ಅದಕ್ಕಿಂತ ಹೆಚ್ಚಾದಂತೆ ಗಾಳಿ ಸುಲಭವಾಗಿ ಚಲಿಸತೊಡಗುತ್ತದೆ. ಎದೆಯ ಸುತ್ತಳತೆ 90 ಸೆಂ. ಮೀ., ಮುಂಭಾಗ ಕೂಡಿಸಿದಾಗ ಅಂಗಿಯ ಸುತ್ತಳತೆ 120 ಸೆಂ. ಮೀ. ಎಂದಿಟ್ಟುಕೊಳ್ಳೋಣ. ಎರಡನ್ನೂ ವೃತ್ತಗಳೆಂದು ಭಾವಿಸಿದರೆ ತ್ರಿಜ್ಯಗಳ ವ್ಯತ್ಯಾಸ, 30 ನ್ನು 6.28 ರಿಂದ ಭಾಗಿಸಿದಷ್ಟು. ಎಂದರೆ ಸುಮಾರು 4.8 ಸೆಂ. ಮೀ. ಸುತ್ತಳತೆಯನ್ನು ಕೇವಲ 6 ಸೆಂ. ಮೀ. ಹೆಚ್ಚಿಸಿದರೆ ದೊರೆಯುವ ಅಂತರ ಒಂದು ಸೆಂಟಿಮೀಟರೂ ಇಲ್ಲ. ಕಿಮೋನೊವಿನ ಧಾರಾಳವಾದ ಅಳತೆಯ ಅರ್ಥ ಈಗ ಸ್ಪಷ್ಟವಾಗುತ್ತದೆ.

ಈ ಅಂತರ ಒಂದು ಹೊಗೆಕೊಳವೆಯಂತೆ ಕೆಲಸ ಮಾಡುತ್ತದೆ. ಹೊರಗಿನದಕ್ಕಿಂತ ಬಿಸಿಯಾದ ಒಳಗಾಳಿ ಹಗುರವಾಗಿ ಮೇಲೇರಿ ಕೊರಳಿನ ಬಳಿ ಹೊರಬೀಳುತ್ತದೆ. ಕೆಳಗಿನಿಂದ ಹೊಸ ಗಾಳಿ ಪ್ರವೇಶಿಸುತ್ತದೆ. ಬೆವರಿನ ಆವಿಯೂ ಇದಕ್ಕೆ ನೆರವಾಗುವುದು. ತೇವದ ಗಾಳಿ ಭಾರವೆಂದು ಅನೇಕರು ಭಾವಿಸುವರು. ನಿಜಸ್ಥಿತಿ ಇದಕ್ಕೆ ವಿರುದ್ಧ: ನೀರಿನ ಅಣುತೂಕ 18, ಒಣಗಾಳಿಯ ಸರಾಸರಿ ಅಣುತೂಕ 29. ಆದುದರಿಂದ ಅದೇ ಉಷ್ಣತೆ ಮತ್ತು ಒತ್ತಡದಲ್ಲಿ ಆವಿ ಬೆರೆತ ಗಾಳಿಯೇ ಹಗುರ. ಇದರ ಜೊತೆಗೆ ನಡೆಯುವಾಗ, ಕೈ ಬೀಸುವಾಗ ಅಗಲವಾದ ತೋಳುಗಳು ಕಮ್ಮಾರನ ತಿದಿಯಂತೆ ಗಾಳಿಯನ್ನು ಊದುತ್ತವೆ. ಕಂಕುಳ ಕೆಳಗಿನ ತೆರಪು ಆ ಗಾಳಿ ಬಂದುಹೋಗುವ ಬಾಗಿಲು.

ಹೆಣೆಯುವ ಬಗೆ

ಕ್ರೋಷಾದಲ್ಲಿ ಒಂದು ಕುಣಿಕೆಯನ್ನು ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗುವುದರಿಂದ, ನಡುನಡುವೆ ಬರಿಯ ಸರಪಳಿಯ ಸೇತುವೆ ಕಟ್ಟಿ ಬೇಕಾದಷ್ಟು ದೊಡ್ಡ ಕಣ್ಣನ್ನು ಬಿಡಬಹುದು. ನೂಲನ್ನು ಕೊಕ್ಕೆಗೆ ಒಂದು ಸುತ್ತು ಸುತ್ತಿ, ಕುಣಿಕೆಯೊಳಗಿನಿಂದ ನೂಲನ್ನೆಳೆದು, ಎರಡೆರಡಾಗಿ ಎರಡು ಸಲ ಬಿಡಿಸಿದರೆ ಒಂದು 'ಕಂಬ' ಎನ್ನೋಣ. ಅದರ ಎತ್ತರ ಮೂರು ಸರಪಳಿಗಳಷ್ಟು. ಮೂರರಿಂದ ಭಾಗಿಸಿದರೆ ಎರಡು ಶೇಷ ಉಳಿಯುವಷ್ಟು ಸರಪಳಿಗಳನ್ನು ಹಾಕಿ, ಕೊಕ್ಕೆಯಿಂದ ಎಂಟನೆಯದರಲ್ಲಿ ಮೊದಲ ಕಂಬ ನಿಲ್ಲಿಸಬೇಕು. ಅನಂತರ ಎರಡು ಸರಪಳಿ ಹಾಕಿ, ಕೆಳಗೆ ಎರಡನ್ನು ಬಿಟ್ಟು, ಮುಂದಿನದರಲ್ಲಿ ಇನ್ನೊಂದು ಕಂಬ. ಸಾಲು ಮುಗಿದಾಗ ಐದು ಸರಪಳಿ ಹಾಕಿ ತಿರುಗಿಸಿ, ಮುಂದಿನ ಕಂಬದ ತಲೆಯ ಮೇಲೆ ಕಂಬ. ಕೊನೆಯ ಕಂಬವನ್ನು ಹಿಂದಿನ ತಿರುವಿನ ಮೂರನೆಯ ಸರಪಳಿಯಲ್ಲಿ ಹಾಕಬೇಕು. ಹೀಗೆ ಚೌಕದ ಬಲೆ ಬೆಳೆಯುತ್ತದೆ.

ಬೇಕಾದುದು ಐದು ಆಯತಗಳು: 60 ಸೆಂ. ಮೀ. ಅಗಲ 75 ಸೆಂ. ಮೀ. ಉದ್ದದ ಬೆನ್ನು ಒಂದು, 30 ಸೆಂ. ಮೀ. ಅಗಲ 75 ಸೆಂ. ಮೀ. ಉದ್ದದ ಮುಂಭಾಗ ಎರಡು, 50 ಸೆಂ. ಮೀ. ಸುತ್ತು 25 ಸೆಂ. ಮೀ. ಉದ್ದದ ತೋಳು ಎರಡು. ಭುಜದಲ್ಲಿ ಎರಡು ಕಡೆಯೂ 20 ಸೆಂ. ಮೀ. ಮಾತ್ರ ಜೋಡಿಸಿ ಉಳಿದುದನ್ನು ಕೊರಳಿಗೆ ಬಿಡಬೇಕು. ತೋಳಿನ ಕೆಳಗೆ 10 ಸೆಂ. ಮೀ. ಬಿಟ್ಟು ಮಗ್ಗುಲನ್ನು ಕೂಡಿಸಬೇಕು.

ಮೊದಲು 10 ಸೆಂ. ಮೀ. ಚೌಕದ ಒಂದು ಮಾದರಿ ಹೆಣೆದು, ಒಗೆದು, ಒಣಗಿಸಿ, ತೂಗಬೇಕು. ಅಂಗಿಯ ಒಟ್ಟು ವಿಸ್ತೀರ್ಣ 11,500 ಚದರ ಸೆಂ. ಮೀ.; ಎಂದರೆ ಇಂಥ 115 ಚೌಕಗಳು. ಮಾದರಿ 3 ಗ್ರಾಂ ತೂಗಿದರೆ ಅಂಗಿ 345 ಗ್ರಾಂ ಆಗುವುದು. ಈ ಭಾರವನ್ನೆಲ್ಲ ಹೊರುವುದು ಭುಜದ ಸಾಲುಗಳು. ಬಲೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆದುದರಿಂದ ಮಾದರಿಯನ್ನು ಒಂದು ರಾತ್ರಿ ತೂಗುಹಾಕಿ, ಎಷ್ಟು ಉದ್ದವಾಯಿತೆಂದು ಅಳೆದು, ಸಾಲುಗಳನ್ನು ಆ ಪ್ರಮಾಣದಲ್ಲಿ ಕಡಮೆ ಮಾಡುವುದು ಜಾಣತನ. ನೂಲು ಹತ್ತಿಯದಾಗಿರಲಿ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8 ರಷ್ಟು ತೇವವನ್ನು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರು ನೂರಕ್ಕೆ ಒಂದರಷ್ಟನ್ನೂ ಹೀರದು.

ಎಲ್ಲಿ ತೊಡಬೇಕು, ಎಲ್ಲಿ ತೊಡಬಾರದು?

ಕಂಬದಿಂದ ಕಂಬಕ್ಕೆ 10 ಮಿ. ಮೀ., ನೂಲಿನ ಕಟ್ಟು 3 ಮಿ. ಮೀ. ಇದ್ದರೆ, ಪ್ರತಿ 100 ಚದರ ಮಿ. ಮೀ.ನಲ್ಲಿ 49 ರಷ್ಟು ಬಯಲು. ಗಾಳಿಗೆ ಅರ್ಧ ತೆರೆದಿರುವ ಬಟ್ಟೆ ಬಿಸಿಲಿಗೂ ಅರ್ಧ ತೆರೆದಿರುತ್ತದೆ. ನಡುಹಗಲಿನ ಬಿಸಿಲು ತನಗೆ ಎದುರಾದ ಪ್ರತಿ ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತದೆ. ದೇಹದ 100 ವಾಟನ್ನು ಸಾಗಿಸಲೆಂದು ಬಾಗಿಲು ತೆರೆದು ಅದಕ್ಕಿಂತ ಹೆಚ್ಚಿನ ಶಾಖವನ್ನು ಒಳಗೆ ಬರಗೊಟ್ಟಂತಾಯಿತು.

ಮರುಭೂಮಿಯ ಬೆಡುಯಿನರು ಇದಕ್ಕೆ ಬೇರೆ ಉಪಾಯ ಕಂಡುಕೊಂಡಿದ್ದಾರೆ: ಒತ್ತಾದ ಬಟ್ಟೆ, ಆದರೆ ಬಹಳ ಸಡಿಲ. ಅವರ ಕಪ್ಪು ನಿಲುವಂಗಿಯನ್ನೂ ಬಿಳಿಯ ನಿಲುವಂಗಿಯನ್ನೂ ನೆಗೆವ್ ಮರುಭೂಮಿಯ ಬಿಸಿಲಿನಲ್ಲಿ ಹೋಲಿಸಿದ ವಿಜ್ಞಾನಿಗಳು 1980 ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕಪ್ಪು ಬಟ್ಟೆ ಹೆಚ್ಚು ಶಾಖವನ್ನು ಹೀರಿದರೂ ಚರ್ಮವನ್ನು ಮುಟ್ಟಿದ ಶಾಖ ಎರಡರಲ್ಲಿಯೂ ಒಂದೇ ಆಗಿತ್ತು. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಶಾಖ ಚರ್ಮವನ್ನು ಸೇರುವ ಮೊದಲೇ ಗಾಳಿಯಲ್ಲಿ ತೊಲಗಿಹೋಗಿತ್ತು.

ಹೀಗೆ ಕಿಮೋನೊವಿನ ಎರಡು ಗುಣಗಳನ್ನು ಬೇರ್ಪಡಿಸಬೇಕು. ಸಡಿಲ ಎಲ್ಲೆಡೆಯೂ ಒಳ್ಳೆಯದು. ರಂಧ್ರಗಳು ನೆರಳಿನಲ್ಲಿ, ಮನೆಯೊಳಗೆ, ಸಂಜೆಯಲ್ಲಿ ಒಳ್ಳೆಯವು. ಬೆವರು ಸುಲಭವಾಗಿ ಆರದ ಮಂಗಳೂರಿನಂಥ ತೇವದ ಊರಿನಲ್ಲಿ ಮತ್ತಷ್ಟು ಒಳ್ಳೆಯವು. ರಾಯಚೂರಿನ ಒಣ ಬಿಸಿಲಿನಲ್ಲಿ ನಡೆಯುವವನಿಗೆ ಸಡಿಲವಾದ ಒತ್ತುಬಟ್ಟೆಯೇ ಮೇಲು. ಇನ್ನು ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವೇ 35° ತೋರಿಸುವಂಥ ಹವೆಯಲ್ಲಿ ಬೆವರಿನಿಂದ ತಂಪು ದೊರೆಯದು. ಆಗ ಯಾವ ಅಂಗಿಯೂ ಕಾಯಲಾರದು. ಅದಕ್ಕಿಂತ ಕಡಮೆ ಮಟ್ಟದಲ್ಲಿಯೇ ದೇಹ ಸೋಲತೊಡಗುವುದೆಂದು ಸ್ವಯಂಸೇವಕರ ಮೇಲೆ ನಡೆಸಿದ ಪರೀಕ್ಷೆಗಳು ತೋರಿಸಿವೆ.

ನಮ್ಮ ಮಾತನ್ನು ವಾಚಕರು ಸುಮ್ಮನೆ ನಂಬಬೇಕಾಗಿಲ್ಲ. ಒಂದೇ ಬಗೆಯ ಮೂರು ಲೋಟಗಳಲ್ಲಿ ಸಮನಾಗಿ ಬಿಸಿನೀರು ತುಂಬಿ, ತಟ್ಟೆ ಮುಚ್ಚಿ, ಒಂದಕ್ಕೆ ಕ್ರೋಷಾ ಮಾದರಿಯನ್ನು ಸಡಿಲವಾಗಿ, ಇನ್ನೊಂದಕ್ಕೆ ಅಂಥದೇ ಮಾದರಿಯನ್ನು ಬಿಗಿಯಾಗಿ ಸುತ್ತಿ, ಮೂರನೆಯದಕ್ಕೆ ಮಾದರಿಯ ಮೇಲೆ ಕಾಗದವನ್ನೂ ಸುತ್ತಬೇಕು. ಫ್ಯಾನಿನ ಎದುರಿಗಿಟ್ಟು ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿ. ಆಮೇಲೆ ಫ್ಯಾನು ನಿಲ್ಲಿಸಿ, ಹೊಸದಾಗಿ ಬಿಸಿನೀರು ತುಂಬಿ ಇನ್ನೊಮ್ಮೆ ಮಾಡಿರಿ. ಎರಡು ಸಲದ ಅಂಕಿಗಳನ್ನೂ ಒಂದೇ ಗ್ರಾಫಿನ ಮೇಲೆ ಗುರುತಿಸಿದರೆ, ನೂಲು ಮಾಡಿದ ಕೆಲಸವೆಷ್ಟು, ಗಾಳಿ ಮಾಡಿದ ಕೆಲಸವೆಷ್ಟು ಎಂಬುದು ಕಣ್ಣಿಗೆ ಕಾಣುವುದು.