ಮೊದಲು ಹೊಸ್ತಿಲು ನೋಡಿ, ಎಂಜಿನ್ ಆಮೇಲೆ

ಈ ಸಲದ ಮಾತು ಹಳೆಯ ಸ್ಪೋರ್ಟ್ಸ್ ಕಾರಿನ ಬಗ್ಗೆ. ಕನ್ನಡ ಎಂ.ಎ. ಮಾಡಿದ ಆಂಟಿಗೂ ಕಾರಿಗೂ ಏನು ಸಂಬಂಧ ಎಂದು ನೀವು ನಗುವ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯವರು 1971ರ ಎಂಜಿಬಿ ಒಂದನ್ನು ನಾಲ್ಕು ವರ್ಷ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿದರು, ಬಿಚ್ಚಿದ ನಟ್ಟು ಬೋಲ್ಟುಗಳ ಲೆಕ್ಕ ಇಟ್ಟವಳು ನಾನು.

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ಹುಡುಗಿಯೊಬ್ಬಳು ಇಂಥದ್ದೇ ಒಂದು ಗಾಡಿ ನೋಡಿಕೊಂಡು ಬಂದಳು. ಕೆಲಸಕ್ಕೆ ಸೇರಿ ಎರಡು ವರ್ಷ ಕೂಡಿಟ್ಟ ಹಣ ಅವಳದು. ಗಾಡಿ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ ಹದಿನೈದು ವರ್ಷದಿಂದ ನಿಂತಿದೆ. "ಆಂಟಿ, ಎಂಜಿನ್ ಜಾಮ್ ಆಗಿದೆಯಂತೆ, ಅದಕ್ಕೇ ಕಡಿಮೆ ಬೆಲೆ. ಪೇಂಟ್ ಮಾತ್ರ ಸೂಪರ್ ಆಗಿದೆ" ಅಂದಳು. ಅವಳು ಹೆದರಬೇಕಾದದ್ದು ಜಾಮ್ ಆದ ಎಂಜಿನ್ನಿಗಲ್ಲ, ಸೂಪರ್ ಆಗಿರುವ ಆ ಪೇಂಟಿಗೆ. ಏಕೆಂದು ವಿವರಿಸುತ್ತೇನೆ.

ಮೊದಲು ಈ ಗಾಡಿಯ ಪರಿಚಯ. ಎಂಜಿಬಿ ಹುಟ್ಟಿದ್ದು 1962ರಲ್ಲಿ, ಆಕ್ಸ್‌ಫರ್ಡಿಗೆ ಹತ್ತಿರದ ಆ್ಯಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ. ಎರಡು ಸೀಟು, ಮಡಚುವ ಬಟ್ಟೆಯ ಚಾವಣಿ, 1798 ಸಿಸಿ ಎಂಜಿನ್. 1965ರಲ್ಲಿ ತಗಡಿನ ಚಾವಣಿಯ ಜಿಟಿ ಬಂತು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆ ಮುಚ್ಚುವ ಹೊತ್ತಿಗೆ ಎಲ್ಲ ಸೇರಿ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಿದ್ದಿದ್ದವು. ಅಷ್ಟು ಮಾಡಿದ್ದರಿಂದಲೇ ಇವತ್ತಿಗೂ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಸಂಬಳದ ಹುಡುಗ ಹುಡುಗಿಯರ ಕೈಗೆ ಎಟುಕುವ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಇದೂ ಒಂದಾಗಿ ಉಳಿದಿದೆ. ಈಗ ರಸ್ತೆಯಲ್ಲಿ ಕಾಣುವ ಎಂಜಿ ಹೆಸರಿನ ಎಲೆಕ್ಟ್ರಿಕ್ ಕಾರುಗಳು ಚೀನಾದ ಸಾಯಿಕ್ ಕಂಪನಿಯವು. ಹೆಸರೊಂದು ಬಿಟ್ಟರೆ ಅವಕ್ಕೂ ಇದಕ್ಕೂ ನಂಟಿಲ್ಲ.

ನಂಟು ಇರುವುದು ಬೇರೆ ಕಡೆ. ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ, ಅಂಬಾಸಿಡರ್ ಕಾರು ಗೊತ್ತಾ ಎಂದು. ಬೆಂಗಳೂರಿನ ಟ್ಯಾಕ್ಸಿ, ಡಿಸಿ ಸಾಹೇಬರ ಬಿಳಿ ಗಾಡಿ, ಒಂಬತ್ತು ಜನ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋದ ಮದುವೆ ಗಾಡಿ, ಹೀಗೆ ಏನಾದರೊಂದು ಕಥೆ ಬಂದೇ ಬರುತ್ತದೆ. ಆ ಅಂಬಾಸಿಡರ್ ಮೂಲತಃ ಆಕ್ಸ್‌ಫರ್ಡಿನ ಮಾರಿಸ್ ಕಾರು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ ಎಂಜಿನ್ನೂ ಒಂದೇ ವಂಶದವು. ಎರಡೂ ಬಿಎಂಸಿ ಕಂಪನಿಯ ಬಿ ಸರಣಿಯವು. ಎಂಜಿಬಿಯದಕ್ಕೆ ಹೊಟ್ಟೆ ಸ್ವಲ್ಪ ದೊಡ್ಡದು, ಎರಡು ಕಾರ್ಬ್ಯುರೇಟರ್, ಅಷ್ಟೆ. ನಮ್ಮ ಕಡೆ ರಸ್ತೆ ಬದಿಯ ಮರದ ನೆರಳಲ್ಲಿ ಒಂದು ಸ್ಪ್ಯಾನರ್ ಸೆಟ್ಟು ಇಟ್ಟುಕೊಂಡು ಅಂಬಾಸಿಡರ್ ಎಂಜಿನ್ ಇಳಿಸಿ ಏರಿಸುತ್ತಿದ್ದರಲ್ಲ, ಅದೇ ಜಾತಿಯ ಎಂಜಿನ್ ಇದು. ಎರಕದ ಕಬ್ಬಿಣ, ಕಂಪ್ಯೂಟರ್ ಇಲ್ಲ, ಒಳಗಿನದೆಲ್ಲ ಕೈಗೆ ಸಿಗುತ್ತದೆ. ಕೆಟ್ಟರೆ ರಿಪೇರಿ ಮಾಡಬಹುದು, ಪೂರ್ತಿ ಹೋದರೆ ಇನ್ನೊಂದು ತಂದು ಕೂರಿಸಬಹುದು. ಅದಕ್ಕೇ ಹೇಳಿದ್ದು, ಎಂಜಿನ್ನಿಗೆ ಹೆದರಬೇಡಿ ಎಂದು.

ಮೈ ಹಾಗಲ್ಲ. ಇದಕ್ಕಿಂತ ಮೊದಲು ಬಂದ ಎಂಜಿಎ ಗಾಡಿಗೆ ಕೆಳಗೆ ಬೇರೆ ಚಾಸಿಸ್ ಇತ್ತು, ಅದರ ಮೇಲೆ ಮೈ ಕೂರಿಸುತ್ತಿದ್ದರು. ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡನ್ನು ಮಡಚಿ ಬೆಸೆದು ಮಾಡಿದ ಪೆಟ್ಟಿಗೆಯೇ ಗಾಡಿ. ಅದರಲ್ಲೂ ಮೇಲೆ ಚಾವಣಿ ಇಲ್ಲದ ಗಾಡಿಯಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಮುಖ್ಯ ಬಲ ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಎರಡು ಟೊಳ್ಳು ತೊಲೆಗಳದ್ದು. ಇಂಗ್ಲಿಷಿನವರು ಅವನ್ನು ಸಿಲ್ ಅನ್ನುತ್ತಾರೆ. ಸಿಲ್ ಅಂದರೆ ನಮ್ಮ ಹೊಸ್ತಿಲೇ. ಹೊಸ್ತಿಲಿನ ಒಳಗೆ ಪದರ ಪದರವಾಗಿ ತಗಡಿದೆ, ನಡುವೆ ಗಾಳಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಚೆಲ್ಲುತ್ತಾರಲ್ಲ, ಆ ಉಪ್ಪು ನೀರು ಮುಂದಿನ ಚಕ್ರದ ಹಿಂದೆ ಮಣ್ಣಿನ ಜೊತೆ ಕೂತು ಒಳಗೆ ಜಿನುಗಿ ವರ್ಷಗಟ್ಟಲೆ ಕೊರೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಕಾಣದಂತೆ ಮಾಡುವ ಜಾಣರೂ ಇದ್ದಾರೆ. ಕೊಳೆತ ಹೊಸ್ತಿಲಿನ ಮೇಲೆ ಹೊಸ ತಗಡಿನ ಮುಚ್ಚಳವನ್ನು ಹಾಗೇ ಬೆಸೆದು, ಪುಟ್ಟಿ ಮೆತ್ತಿ, ಹೊಳೆಯುವ ಬಣ್ಣ ಹೊಡೆದು ಮಾರುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೇ ಹುಟ್ಟಿತೇನೋ ಅನ್ನಿಸುತ್ತದೆ. ಹಳೆಯ ಗುಡಿಯನ್ನು ಮತ್ತೆ ನಿಲ್ಲಿಸುವುದಕ್ಕೆ ನಮ್ಮಲ್ಲಿ ಜೀರ್ಣೋದ್ಧಾರ ಅನ್ನುತ್ತಾರೆ. ಜೀರ್ಣವಾದದ್ದನ್ನು ಮೇಲೆತ್ತುವುದು ಎಂದು ಅದರ ಅರ್ಥ, ಸುಣ್ಣ ಬಳಿಯುವುದು ಎಂದಲ್ಲ.

ಹಾಗಾದರೆ ನೋಡುವುದು ಹೇಗೆ? ಹಗಲಲ್ಲಿ, ಮಳೆ ಇಲ್ಲದಾಗ ಹೋಗಿ. ಒದ್ದೆ ಗಾಡಿ ಯಾವಾಗಲೂ ಚೆಂದವೇ ಕಾಣುತ್ತದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಮಡ್‌ಗಾರ್ಡುಗಳ ಕೆಳಭಾಗ, ಬಾಗಿಲ ಅಂಚು, ಹೊಸ್ತಿಲುಗಳ ಮೇಲೆ ಓಡಿಸಿ. ಕಬ್ಬಿಣವಿದ್ದರೆ ಹಿಡಿಯುತ್ತದೆ, ಪುಟ್ಟಿ ಇದ್ದರೆ ಜಾರುತ್ತದೆ. ಆಮೇಲೆ ಬಾಗಿಲ ಸಂದು ನೋಡಿ. ಮೇಲೂ ಕೆಳಗೂ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಹೊಸ್ತಿಲು ಸೋತು ಗಾಡಿಯ ನಡು ಕುಸಿದಿದೆ ಎಂದು ಅರ್ಥ. ಒಡೆಯರ ಒಪ್ಪಿಗೆ ಕೇಳಿ ಗಾಡಿಯ ಒಂದು ಬದಿಯನ್ನು ಜಾಕ್ ಹಾಕಿ ಎತ್ತಿಸಿ, ಬಾಗಿಲು ತೆಗೆದು ಹಾಕಿ ನೋಡಿ. ಚಕ್ರ ನೆಲದಲ್ಲಿದ್ದಾಗ ಸಲೀಸಾಗಿ ತೆರೆಯುವ ಬಾಗಿಲು ಆಗ ಕಚ್ಚಿಕೊಂಡರೆ ಸುಮ್ಮನೆ ಥ್ಯಾಂಕ್ಯೂ ಹೇಳಿ ಬನ್ನಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು, ಸ್ಟ್ಯಾಂಡು ಕೊಟ್ಟ ಮೇಲೆಯೇ.

ಕಾರ್ಪೆಟ್ ಎತ್ತಿ ನೆಲದ ತಗಡು ನೋಡಿ. ಸೀಟಿನ ಹಿಂದೆ ನೆಲದ ಕೆಳಗೆ ಬ್ಯಾಟರಿ ಇಡುವ ಎರಡು ಪೆಟ್ಟಿಗೆಗಳಿವೆ. ಹಳೆಯ ಎಂಜಿಬಿಗೆ ಆರು ವೋಲ್ಟಿನ ಎರಡು ಬ್ಯಾಟರಿ. ಆ ಪೆಟ್ಟಿಗೆಗಳನ್ನು ಯಾರೂ ತೆಗೆದು ನೋಡುವುದಿಲ್ಲ, ಆದ್ದರಿಂದ ಅವು ನಿಜ ಹೇಳುತ್ತವೆ. ಡಿಕ್ಕಿಯ ಕೆಳಗೆ ತೂಗುವ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೂ ಹಾಗೆಯೇ, ತೇವ ನಿಂತು ಮೇಲಿಂದಲೇ ತೂತಾಗಿರುತ್ತದೆ. ಟ್ಯಾಂಕು ಹೊಸದು ಸಿಗುತ್ತದೆ, ಅದಕ್ಕೆ ಚಿಂತೆ ಬೇಡ.

ನಮ್ಮ ಹುಡುಗಿಯ ಜೊತೆ ನಮ್ಮ ಮನೆಯವರು ಎರಡನೆಯ ಸಲ ಹೋದಾಗ ಮ್ಯಾಗ್ನೆಟ್ ಎಡಗಡೆಯ ಮಡ್‌ಗಾರ್ಡಿನ ಕೆಳಗೆ ಪುಟಕ್ಕನೆ ನೆಲಕ್ಕೆ ಬಿತ್ತು. ಹೊಸ್ತಿಲಿನ ಮೇಲೆ ಎರಡನೆಯ ತಗಡಿನ ಅಂಚು ಬೆರಳಿಗೆ ಸಿಕ್ಕಿತು. ಅವಳ ಮುಖ ಬಾಡಿದ್ದನ್ನು ಅವರು ಬಂದು ಹೇಳಿದರು. ಗಾಡಿ ಬಿಟ್ಟು ಬಂದರು. ಮೂರು ವಾರದ ಮೇಲೆ ಅವಳೇ ಇನ್ನೊಂದನ್ನು ಹುಡುಕಿದಳು. ಬಣ್ಣ ಸುಲಿದು ಬಿದ್ದ, ಸೀಟಿನಲ್ಲಿ ಇಲಿ ಗೂಡು ಕಟ್ಟಿದ, ನೋಡಲು ದರಿದ್ರವಾದ ಜಿಟಿ. ಅದರ ಹೊಸ್ತಿಲು ಗಟ್ಟಿ. ಈಗ ಅದು ಅವಳದು. ಎಂಜಿನ್ ಅದಕ್ಕೂ ಜಾಮೇ!

ಲೆಕ್ಕ ಹೀಗಿದೆ. ಹೊಸ್ತಿಲನ್ನು ಸರಿಯಾಗಿ ಬದಲಿಸಬೇಕೆಂದರೆ ಮಡ್‌ಗಾರ್ಡ್ ಬಿಚ್ಚಬೇಕು, ಹಿಂದಿನ ಚಕ್ರದ ಮುಂದಿನ ತಗಡು ಕತ್ತರಿಸಬೇಕು, ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಕ್ಕೆ ಕಬ್ಬಿಣದ ಸರಳು ಬೆಸೆದು ಬಿಗಿಯಬೇಕು. ಇಲ್ಲದಿದ್ದರೆ ಗಾಡಿ ಬಾಗಿ, ಬಾಗಿಲು ಇನ್ನೆಂದೂ ಕೂರುವುದಿಲ್ಲ. ತಗಡಿನ ಬೆಲೆ ಹೆಚ್ಚಲ್ಲ, ವೆಲ್ಡಿಂಗ್ ಮಾಡುವವರ ಗಂಟೆಗಳ ಕೂಲಿಯೇ ಹೆಚ್ಚು. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಎಂಜಿಬಿಯ ಇಡೀ ಮೈಯನ್ನೇ ಹಳೆಯ ಅಚ್ಚುಗಳಿಂದ ಹೊಸದಾಗಿ ಮಾಡಿ ಮಾರುತ್ತಿದೆ. ಅದನ್ನು ಕೊಂಡು ಬಣ್ಣ ಹೊಡೆಸಿ ಹಳೆಯ ಭಾಗಗಳನ್ನು ಜೋಡಿಸುವ ಹೊತ್ತಿಗೆ ಆದ ಖರ್ಚು ಗಾಡಿ ಮಾರಿದರೆ ಸಿಗುವುದಿಲ್ಲ. ಲಾಭಕ್ಕೆಂದು ಈ ಕೆಲಸಕ್ಕೆ ಇಳಿಯುವವರನ್ನು ನಾನು ನಂಬುವುದಿಲ್ಲ.

ಇನ್ನು ಜಾಮ್ ಆದ ಎಂಜಿನ್. ಸಿಲಿಂಡರಿನ ಗೋಡೆಗೆ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಅಂಟಿಕೊಂಡಿರುತ್ತವೆ. ನಾಲ್ಕು ಸ್ಪಾರ್ಕ್ ಪ್ಲಗ್ ತೆಗೆದು ಒಳಗೆ ತುಕ್ಕು ಬಿಡಿಸುವ ಎಣ್ಣೆ ಸುರಿದು ಒಂದು ವಾರ ಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ, ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಆಡಿಸಿ. ಬಿಡದಿದ್ದರೆ ಮತ್ತೆ ಎಣ್ಣೆ, ಮತ್ತೆ ಒಂದು ವಾರ. ಸ್ಟಾರ್ಟರ್ ಮೋಟರಿನಿಂದಾಗಲೀ ಇನ್ನೊಂದು ಗಾಡಿಗೆ ಕಟ್ಟಿ ಎಳೆದಾಗಲೀ ಬಿಡಿಸಲು ಹೋದರೆ ಏನೋ ಒಂದು ಮುರಿಯುತ್ತದೆ. ತಿರುಗಿತೆಂದು ತಕ್ಷಣ ಕೀಲಿ ಹಾಕಬೇಡಿ. ಎಂಜಿನ್ ಆಯಿಲ್ ಬದಲಿಸಿ, ಪ್ಲಗ್ ಹೊರಗಿಟ್ಟೇ ಸ್ಟಾರ್ಟರಿನಿಂದ ತಿರುಗಿಸಿ. ಡ್ಯಾಶ್‌ಬೋರ್ಡಿನ ಆಯಿಲ್ ಮುಳ್ಳು ಏಳುವವರೆಗೆ ಪ್ಲಗ್ ಹಾಕುವಂತಿಲ್ಲ.

ಒಂದು ಮಾತು, ಸ್ಪ್ಯಾನರ್ ಕೊಳ್ಳುವಾಗ ಮಿಲಿಮೀಟರಿನವು ತರಬೇಡಿ. ಈ ಗಾಡಿ ಇಂಚಿನ ಕಾಲದ್ದು, ಅರ್ಧ ಇಂಚು, ಒಂಬತ್ತು ಹದಿನಾರಾಂಶ, ಹೀಗೆ. ಬಿಚ್ಚಿದ್ದನ್ನೆಲ್ಲ ಫೋಟೋ ತೆಗೆದು, ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿ. ನಮ್ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಗಳ ಮೇಲೆ "ಎಡ ಬಾಗಿಲು, ಕೆಳಗಿನ ಕೀಲು" ಎಂದು ಕನ್ನಡದಲ್ಲೇ ಬರೆದಿಟ್ಟಿದ್ದೆ. ಮೂರು ವರ್ಷದ ಮೇಲೆ ಓದಿಕೊಂಡು ಜೋಡಿಸಿದ್ದು ಅದನ್ನೇ.

ಹಳೆಯ ಪೆಟ್ರೋಲ್ ಪೂರ್ತಿ ಹೊರಹಾಕಿ, ಅದು ವಾರ್ನಿಷ್ ಆಗಿರುತ್ತದೆ. ಎಸ್‌ಯು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಟಕ್ ಎಂದು ತಾನೇ ಕೆಳಗೆ ಕೂರಬೇಕು. ಹಿಂದಿನ ಚಕ್ರದ ಹತ್ತಿರ ಇರುವ ಪೆಟ್ರೋಲ್ ಪಂಪು ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಅನ್ನಬೇಕು. ಅನ್ನದಿದ್ದರೆ ಹಳಬರು ಅದಕ್ಕೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಒಂದು ಏಟು ಕೊಡುತ್ತಿದ್ದರು. ತಮಾಷೆಯಲ್ಲ, ಒಳಗಿನ ಪಾಯಿಂಟುಗಳು ಅಂಟಿಕೊಂಡಿದ್ದರೆ ಅಷ್ಟಕ್ಕೇ ಬಿಟ್ಟುಕೊಳ್ಳುತ್ತವೆ. ವೈರಿಂಗಿನ ತೊಂದರೆಗಳಲ್ಲೂ ಮುಕ್ಕಾಲು ಪಾಲು ಕಿಲುಬು ಹಿಡಿದ ಕನೆಕ್ಷನ್ನುಗಳದ್ದು, ಮರಳು ಕಾಗದವೇ ಮದ್ದು.

ಎಂಜಿನ್ ಹೊತ್ತಿದ ದಿನ ಎಲ್ಲರೂ ಕೇಕೆ ಹಾಕುತ್ತಾರೆ, ಬೀದಿ ಕೊನೆಯವರೆಗೆ ಒಂದು ರೌಂಡು ಎಂದು ಹೊರಡುತ್ತಾರೆ. ಅಪಾಯ ಇರುವುದು ಅಲ್ಲಿ. ಆ ಕಾಲದ ಇಂಗ್ಲೆಂಡಿನ ಎಂಜಿಬಿಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟು. ನಾಲ್ಕು ಚಕ್ರದಲ್ಲಿ ಯಾವುದೋ ಒಂದು ಕಡೆ ರಬ್ಬರ್ ಸೀಲು ಸೋರಿದರೆ ಪೆಡಲ್ ನೆಲ ಮುಟ್ಟುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಹದಿನೈದು ವರ್ಷ ನಿಂತ ಗಾಡಿಯ ಬ್ರೇಕ್ ಆಯಿಲ್ ನೀರು ಕುಡಿದಿರುತ್ತದೆ, ಹೋಸು ಊದಿರುತ್ತದೆ, ಚಕ್ರದ ಸಿಲಿಂಡರ್ ತುಕ್ಕು ಹಿಡಿದಿರುತ್ತದೆ. ಎಂಜಿನ್ ಮುಟ್ಟುವ ಮೊದಲೇ ಇವನ್ನೆಲ್ಲ ಹೊಸದು ಹಾಕಿ, ಬ್ರೇಕಿನ ಕೆಲಸ ಗೊತ್ತಿದ್ದವರಿಗೆ ತೋರಿಸಿ. ಓಡದ ಗಾಡಿಯಿಂದ ಯಾರಿಗೂ ಪೆಟ್ಟಾಗುವುದಿಲ್ಲ, ನಿಲ್ಲದ ಗಾಡಿಯಿಂದ ಆಗುತ್ತದೆ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರಿನ ಗೀರು ಹೊಸದರಂತೆ ಕಂಡರೂ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು.

ಕಾಗದ ಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿ5ಸಿ ಪುಸ್ತಕ ಯಾರ ಹೆಸರಿನಲ್ಲಿದೆಯೋ ಅವರು ಗಾಡಿ ನೋಡಿಕೊಳ್ಳುವವರು, ಒಡೆಯರೆಂಬುದಕ್ಕೆ ಅದು ಪುರಾವೆಯಲ್ಲ. ಹಣ ಕೊಟ್ಟದ್ದಕ್ಕೆ ಸಹಿ ಮಾಡಿದ ರಸೀದಿ ತೆಗೆದುಕೊಳ್ಳಿ, ಪುಸ್ತಕದ ನಂಬರನ್ನು ಗಾಡಿಯ ಮೇಲಿನದರ ಜೊತೆ ಹೋಲಿಸಿ. ರಸ್ತೆಗೆ ತರುವವರೆಗೆ ಡಿವಿಎಲ್‌ಎಗೆ ಸಾರ್ನ್ ಘೋಷಣೆ ಕೊಡಬೇಕು. 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಗಾಡಿಗೆ ಎಂಒಟಿ ಕಡ್ಡಾಯವಲ್ಲ, ಅರ್ಜಿ ಹಾಕಿದರೆ ತೆರಿಗೆಯೂ ಇಲ್ಲ. ಆದರೂ ರಸ್ತೆಗೆ ಇಳಿಸುವ ಮೊದಲು ಎಂಒಟಿ ಮಾಡಿಸಿಯೇ ಮಾಡಿಸಿ. ಕಾನೂನು ಬಿಟ್ಟಿದೆ ಎಂದ ಮಾತ್ರಕ್ಕೆ ನಿಮ್ಮ ಅಮ್ಮ ಬಿಡುತ್ತಾರೆಯೇ? ಇನ್ಶೂರೆನ್ಸ್ ಬೆಲೆಯನ್ನು ಗಾಡಿ ಕೊಳ್ಳುವ ಮೊದಲೇ ಕೇಳಿ. ನಿಮ್ಮ ವಯಸ್ಸಿಗೆ ಅದು ಗಾಡಿಯ ಬೆಲೆಗೇ ಪೈಪೋಟಿ ಕೊಡಬಹುದು.

ಪೆಟ್ರೋಲ್ ಹಾಕುವಾಗ ಇ5 ಎಂದು ಬರೆದ ಸೂಪರ್ ಅನ್‌ಲೆಡೆಡ್ಡೇ ಇರಲಿ. 2021ರಿಂದ ಮಾಮೂಲಿ ಪಂಪಿನಲ್ಲಿ ಬರುತ್ತಿರುವ ಇ10ನಲ್ಲಿ ಎಥನಾಲ್ ಹೆಚ್ಚು, ಹಳೆಯ ರಬ್ಬರ್ ಪೈಪುಗಳನ್ನು ಅದು ತಿನ್ನುತ್ತದೆ. ಮೊದಲ ಸಲ ಹೊರಟಾಗ ಮನೆಗೆ ಹತ್ತಿರದ ಖಾಲಿ ರಸ್ತೆಯಲ್ಲೇ ಸುತ್ತಿ, ಫೈರ್ ಎಕ್ಸ್‌ಟಿಂಗ್ವಿಶರ್ ಒಂದು ಸೀಟಿನ ಪಕ್ಕ ಇರಲಿ. ಬಿಸಿಯಾದ ಎಂಜಿನ್ ಓಟದಲ್ಲಿದ್ದಾಗ ಆಯಿಲ್ ಮುಳ್ಳು 50ರಿಂದ 80ರ ನಡುವೆ ನಿಂತರೆ ಎಂಜಿನ್ ಆರೋಗ್ಯವಾಗಿದೆ. ವಾಪಸ್ ಬಂದು ನಿಲ್ಲಿಸಿದ ಮೇಲೆ ಕೆಳಗೆ ಒಂದು ರಟ್ಟು ಹಾಸಿ. ಮಾರನೆಯ ಬೆಳಿಗ್ಗೆ ಅದರ ಮೇಲೆ ಎಲ್ಲೆಲ್ಲಿ ಹನಿ ಬಿದ್ದಿದೆ, ಯಾವ ಬಣ್ಣದ್ದು ಎಂದು ನೋಡಿದರೆ ಮುಂದಿನ ಶನಿವಾರದ ಕೆಲಸ ಗೊತ್ತಾಗುತ್ತದೆ.