ಕೈ ಕೊಡೋದಂದ್ರ ಮೋಸ ಅಲ್ಲೇನ್ರಿ ಅಕ್ಕೋರ?

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪರೀಕ್ಷೆಯಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಅನ್ನೋದಕ್ಕೆ ‘ಚೀಟ್ ಮಿ’ ಎಂದು ಅರ್ಥ ಬರೆದು ಬಂದಿದ್ದಳು. ಉತ್ತರದ ಮೇಲೆ ಉದ್ದಕ್ಕೆ ಕೆಂಪು ಗೀಟು. ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. “ಕೈ ಕೊಡೋದಂದ್ರ ಮೋಸ ಅಲ್ಲೇನ್ರಿ ಅಕ್ಕೋರ? ನಮ್ಮಪ್ಪ ದಿನಾ ಅಂತಾನ, ಬೋರು ಕೈ ಕೊಡ್ತು, ಕರೆಂಟು ಕೈ ಕೊಡ್ತು ಅಂತ!”

ಹಿಂದೆ ನಿಂತಿದ್ದ ಅವಳ ತಾಯಿಗೆ ಬೇರೆಯದೇ ಚಿಂತೆ. “ಸಾಲ್ಯಾಗ ಹೇಳ್ಯಾರ್ರಿ, ಮನ್ಯಾಗೂ ಇಂಗ್ಲಿಷ್ ಮಾತಾಡ್ರಿ, ಇಲ್ಲಂದ್ರ ಹುಡುಗಿ ಹಿಂದ ಬೀಳ್ತಾಳ ಅಂತ. ನಾ ಕಲ್ತದ್ದು ಏಳನೇತ್ತ. ಈಗ ಕನ್ನಡಾ ಮಾತಾಡೋದು ಬಿಟ್ಟು ಸುಮ್ನ ಕುಂದ್ರಲೇನ್ರಿ ನಾನು?”

ಬಂಕಾಪುರದಲ್ಲಿ ನಾನು ಮಕ್ಕಳಿಗೆ ಪಾಠ ಹೇಳುತ್ತ ವಯಸ್ಸಾದವಳು. ನಿವೃತ್ತಿಯಾದ ಮೇಲೂ ಸಂಜೆ ಹೊತ್ತು ಓಣಿಯ ಹತ್ತು ಹನ್ನೆರಡು ಮಕ್ಕಳು ನಮ್ಮ ಪಡಸಾಲೆಯಲ್ಲಿ ಪಾಟಿಚೀಲ ಬಿಚ್ಚುತ್ತಾರೆ. ಅರ್ಧ ಜನ ಸರ್ಕಾರಿ ಕನ್ನಡ ಶಾಲೆಯವರು, ಅರ್ಧ ಜನ ಇಂಗ್ಲಿಷ್ ಮೀಡಿಯಂನವರು. ನಾವು ಐದನೇತ್ತಕ್ಕೆ ಬಂದ ಮೇಲೆ ಎಬಿಸಿಡಿ ಕಂಡವರು. 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಬಂದದ್ದು ಒಳ್ಳೆಯದೇ. ಆದರೆ ಈ ಹುಡುಗಿಯ ಕೈಲಿದ್ದ ಹಾಳೆ ನೋಡಿ ನನಗೆ ತಲೆ ಬಿಸಿಯಾಯಿತು. ಅರವತ್ತು ಇಂಗ್ಲಿಷ್ ನುಡಿಗಟ್ಟು, ಎದುರಿಗೆ ಅರವತ್ತು ಅರ್ಥ, ಸೋಮವಾರದೊಳಗೆ ಬಾಯಿಪಾಠ. ಎಲ್ಲಿ, ಯಾರಿಗೆ, ಯಾವಾಗ ಹೀಗೆ ಅನ್ನುತ್ತಾರೆ ಎನ್ನುವುದು ಒಂದಕ್ಕೂ ಇಲ್ಲ.

ಹುಡುಗಿ ಬರೆದ ಉತ್ತರ ತಪ್ಪು, ಖರೆ. ಆದರೆ ಆ ತಪ್ಪಿನ ಹಿಂದೆ ಎಷ್ಟು ಬುದ್ಧಿ ಐತಿ ನೋಡಿ. ಚಿಕ್ಕ ಮಕ್ಕಳು ಮಾತನ್ನು ಇದ್ದದ್ದು ಇದ್ದಂಗೆ ತಿಳಿಯುತ್ತಾರೆ. ‘ಕಾಲಿಗೆ ಬುದ್ಧಿ ಹೇಳಿದ’ ಅಂದರೆ ಒಂದನೇತ್ತದ ಮಗು ಬಗ್ಗಿ ಕಾಲು ನೋಡುತ್ತದೆ. ಏಳೆಂಟು ವರ್ಷದ ಹೊತ್ತಿಗೆ, ಹೇಳಿದ್ದೇ ಒಂದು ತಿಳಿಯಬೇಕಾದ್ದೇ ಒಂದು ಎನ್ನುವುದು ನಿಧಾನಕ್ಕೆ ಹೊಳೆಯತೊಡಗುತ್ತದೆ. ಈ ಹುಡುಗಿಗೆ ಅದು ಹೊಳೆದಿತ್ತು. ‘ಹ್ಯಾಂಡ್’ ಎಂದರೆ ಇಲ್ಲಿ ಬರೀ ಕೈ ಅಲ್ಲ ಎಂದು ಗೊತ್ತಾಗಿ, ಮನೆಯಲ್ಲಿ ಕೇಳಿದ ಕನ್ನಡದ ಕೀಲಿಯಿಂದ ಇಂಗ್ಲಿಷಿನ ಬೀಗ ತೆಗೆಯಲು ನೋಡಿದ್ದಳು. ಆ ಬೀಗಕ್ಕೆ ಬೇರೆ ಕೀಲಿ ಇತ್ತು, ಅಷ್ಟೇ: ‘ಕೈ ಜೋಡಿಸು’. “ಮದುವಿ ಮನ್ಯಾಗ ಕೈ ಜೋಡಸ್ರವಾ ಅಂತ ಕರೀತಾರಲ್ಲ, ಅದು” ಅಂದೆ. ಅಲ್ಲಿಗೆ ಮುಗೀತು. ಇನ್ನು ಮರೆಯಲ್ಲ ಅವಳು.

ಅವತ್ತಿನಿಂದ ನಮ್ಮ ಪಡಸಾಲೆಯಲ್ಲಿ ಹಾಳೆ ಮಡಿಸಿಟ್ಟು, ವಾರಕ್ಕೆ ಒಂದೇ ನುಡಿಗಟ್ಟು. ಮೊದಲು ಎರಡೂ ಭಾಷೆಯಲ್ಲಿ ಒಂದೇ ಚಿತ್ರ ಇರುವಂಥವು. ಮೊಸಳೆ ಕಣ್ಣೀರು ಇಂಗ್ಲಿಷಿನಲ್ಲೂ ಮೊಸಳೆಯ ಕಣ್ಣೀರೇ. ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವವರು ಅಲ್ಲೂ ಮೂಗನ್ನೇ ತೂರಿಸುತ್ತಾರೆ. ‘ಆಲ್ ಇಯರ್ಸ್’ ಅಂದರೆ ನಮ್ಮ ‘ಮೈಯೆಲ್ಲಾ ಕಿವಿ’. ಇಂಥವು ಮಕ್ಕಳಿಗೆ ಬಾಳೆಹಣ್ಣು ಸುಲಿದಷ್ಟು ಸುಲಭ. (ಹೌದು, ‘ಪೀಸ್ ಆಫ್ ಕೇಕ್’ ಕಲಿಸಿದ್ದೂ ಹಿಂಗೇ.)

‘ಟೇಕ್ ದ ಬುಲ್ ಬೈ ದ ಹಾರ್ನ್ಸ್’ ಬಂದ ದಿನ ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಹಾವೇರಿ ಜಿಲ್ಲೆಯ ಮಕ್ಕಳಿಗೆ ಹೋರಿ ಬಗ್ಗೆ ಹೇಳೋದುಂಟೇ! ದೀಪಾವಳಿ ಬಂದರೆ ಹೋರಿ ಬೆದರಿಸುವ ಸ್ಪರ್ಧೆ, ನಮ್ಮ ಕೋಟೆಯೊಳಗೇ ಖಿಲಾರಿ ತಳಿ ಕೇಂದ್ರ. ಮೂರನೇತ್ತದ ಹುಡುಗ ಎದ್ದು ನಿಂತ. “ಎಲ್ಲಾರೂ ಕೊಳ್ಳಾಗಿನ ಕೊಬ್ಬರಿ ಹರಿಯಾಕ ಹೋಗ್ತಾರ್ರಿ. ಕೋಡು ಹಿಡಿಯಾಕ ಗುಂಡಿಗಿ ಬೇಕು. ತಪ್ಪಿದ್ರ ದವಾಖಾನಿ!” ಕಷ್ಟಕ್ಕೆ ಹೆದರದೆ ಎದುರು ನಿಂತು ಹಿಡಿಯುವುದು ಎಂಬ ಅರ್ಥವನ್ನು ಇದಕ್ಕಿಂತ ಚೆಂದಾಗಿ ಯಾವ ಪುಸ್ತಕ ಹೇಳೀತು?

ನವಿಲಿನ ವಿಷಯದಲ್ಲಿ ಮಾತ್ರ ಮಕ್ಕಳು ಒಪ್ಪಲಿಲ್ಲ. ‘ನವಿಲಿನಂಥ ಜಂಬ’ ಅಂತ ಇಂಗ್ಲಿಷಿನವರು ಅನ್ನುತ್ತಾರೆ ಅಂದರೆ, ಕೋಟೆಯ ನವಿಲುಗಳನ್ನು ದಿನಾ ನೋಡುವ ಈ ಮಕ್ಕಳು, “ಎಲ್ಲಿ ಜಂಬರೀ, ಹೊಲದಾಗ ಕಾಳು ಹೆಕ್ಕಿ ತಿಂದು ಓಡ್ತಾವು” ಅಂದರು. ಇರಲಿ ಬಿಡಿ, ಅದೂ ಒಂದು ಉತ್ತರವೇ.

ಜೋಪಾನ ಬೇಕಾದದ್ದು ಒಂದೇ ಥರ ಕಂಡು ಬೇರೆ ಅರ್ಥ ಕೊಡುವ ಮಾತುಗಳಲ್ಲಿ. ಇಂಗ್ಲಿಷಿನಲ್ಲಿ ‘ಫೈರ್ ಇನ್ ದ ಬೆಲ್ಲಿ’ ಅಂದರೆ ಸಾಧಿಸುವ ಛಲ. ನಮ್ಮ ಹೊಟ್ಟೆಕಿಚ್ಚಿಗೆ ಅದನ್ನು ಅಂಟಿಸಿದರೆ ಹೊಗಳಿದ್ದೋ ಬೈದದ್ದೋ ತಿಳಿಯದು. ‘ಡೋಂಟ್ ಈಟ್ ಮೈ ಹೆಡ್’ ಅಂತ ನಮ್ಮ ದೇಶದಲ್ಲಿ ಎಲ್ಲರೂ ಅನ್ನುತ್ತೇವೆ, ನಮ್ಮ ತಲೆ ತಿನ್ನೋದೇ ಅಲ್ಲಿಗೆ ಹೋದದ್ದು. ಆದರೆ ಇಂಗ್ಲೆಂಡಿನವರು ‘ಹೆಡ್’ ಕಚ್ಚುವುದು ಸಿಟ್ಟಿಗೆದ್ದು ಹರಿಹಾಯುವಾಗ.

ತಂಪು-ಬಿಸಿಯದಂತೂ ತಲೆಕೆಳಗು. ಅಲ್ಲಿ ಪ್ರೀತಿಯ ಸ್ವಾಗತ ‘ವಾರ್ಮ್’. ಅಸಡ್ಡೆ ಮಾಡಿದರೆ ‘ಕೋಲ್ಡ್ ಶೋಲ್ಡರ್’. ಚಳಿ ದೇಶದವರಿಗೆ ಬೆಚ್ಚಗಿರುವುದೇ ಸುಖ. ಬಿಸಿಲಿನವರು ನಾವು, ‘ನಿನ್ನ ಹೊಟ್ಟಿ ತಣ್ಣಗಿರಲಿ’ ಅಂತ ಹರಸುತ್ತೇವೆ, ಉಪಕಾರ ಮಾಡಿದವರನ್ನು ‘ತಂಪು ಹೊತ್ತಿನ್ಯಾಗ’ ನೆನೆಯುತ್ತೇವೆ. ಇದನ್ನು ಹೇಳಿದ ದಿನ ಇಂಗ್ಲಿಷ್ ಮೀಡಿಯಂನ ಹುಡುಗನೊಬ್ಬ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಅವನ ಅಜ್ಜಿ ದಿನಾ ಹಾಗೆ ಹರಸುತ್ತಾರಂತೆ. ಅಜ್ಜಿಗೆ ಹೊಟ್ಟೆನೋವಿನ ಭಯ ಇರಬೇಕು ಅಂತ ಅವನು ಇಷ್ಟು ದಿನ ತಿಳಿದಿದ್ದನಂತೆ. ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ‘ಸ್ಪಿಲ್ ದ ಬೀನ್ಸ್’ ಗೊತ್ತಿದ್ದ ಮಗು ಅದು.

ಅದಕ್ಕೇ ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಸುಮ್ನ ಕುಂದ್ರಬ್ಯಾಡವಾ, ಇನ್ನೂ ಹೆಚ್ಚು ಮಾತಾಡು. ಗಾದಿ ಹೇಳು, ಒಗಟು ಹಾಕು. ಮಗಳು ಇಂಗ್ಲಿಷ್ ನುಡಿಗಟ್ಟು ತಂದಾಗ “ಇದಕ್ಕ ನಮ್ಮಲ್ಲಿ ಏನಂತಾರ?” ಅಂತ ಹುಡುಕು. ಕನಕದಾಸರ ಬಾಡ, ಷರೀಫಜ್ಜನ ಶಿಶುನಾಳ ಎರಡೂ ನಮ್ಮ ಶಿಗ್ಗಾಂವಿ ತಾಲ್ಲೂಕಿನವೇ. ಮುಂಡಿಗೆ, ತತ್ವಪದ ಕೇಳಿ ಬೆಳೆದ ನೆಲದವರಿಗೆ ಮಾತಿನ ಒಳಗಿನ ಮಾತು ಹೊಸದಲ್ಲ. ಈಗ ಆ ತಾಯಿಯೇ ವಾರಕ್ಕೊಂದು ಸವಾಲು ಕಳಿಸುತ್ತಾಳೆ. ‘ಜಾಣಕಿವುಡು’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು ಅಂತ ಕಳೆದ ವಾರ ಕೇಳಿದ್ದಳು. ‘ಟರ್ನ್ ಎ ಡೆಫ್ ಇಯರ್’ ಹತ್ತಿರ ಬರುತ್ತದೆ, ಆದರೆ ಆ ‘ಜಾಣ’ ಅದರಲ್ಲೆಲ್ಲಿ?

ಶಿಕ್ಷಕರಿಗೂ ಒಂದು ಮಾತು. ಹಳೆಯದಾದವನ್ನು ಬಿಟ್ಟುಬಿಡಿ. ಮಳೆಗೆ ‘ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಕಲಿಸದ ಶಾಲೆ ಇಲ್ಲ. ಜೊನಾಥನ್ ಸ್ವಿಫ್ಟ್ 1738ರಲ್ಲೇ ಬರೆದ ಮಾತದು. ಇಂಗ್ಲಿಷರ ಮಕ್ಕಳೇ ಈಗ ಅಪರೂಪಕ್ಕೆ ಆಡುತ್ತಾರೆ. ‘ಇಟ್ಸ್ ಪೋರಿಂಗ್’ ಅಂದರೆ ಸಾಕು. ಬಾಯಿಪಾಠ ಒಪ್ಪಿಸಿಕೊಳ್ಳುವ ಬದಲು ಸಂದರ್ಭ ಕೊಟ್ಟು ಆಡಿಸಿ. ಅರವತ್ತರಲ್ಲಿ ಹತ್ತು ಬಂದರೂ ಆ ಹತ್ತು ಮಕ್ಕಳ ಸ್ವಂತದ್ದಾಗುತ್ತವೆ.

ಈ ವಾರ ನಮ್ಮಲ್ಲಿ ‘ಪುಲ್ಲಿಂಗ್ ಯುವರ್ ಲೆಗ್’ ನಡೆದಿದೆ. ಅಲ್ಲಿ ಅದು ಬರೀ ತಮಾಷೆ. ನಮ್ಮಲ್ಲಿ ಕಾಲೆಳೆಯೋದು ತಮಾಷೆಯೂ ಹೌದು, ಮೇಲೇರುವವನನ್ನು ಕೆಳಗೆ ಕೆಡವೋದೂ ಹೌದು. ಮಕ್ಕಳು ಎರಡು ಪಂಗಡವಾಗಿ ವಾದಕ್ಕೆ ಬಿದ್ದಿದ್ದಾರೆ. ನಿಮ್ಮ ಮನೆಯ ಮಕ್ಕಳು ಇಂಥ ಯಾವುದಕ್ಕಾದರೂ ಎಡವಿದ್ದರೆ ಬರೆದು ಕಳಿಸಿ, ನಮ್ಮ ಪಡಸಾಲೆಗೆ ಬೇಕು.