ಸೂರು ಸಿಕ್ಕಿದ ಬೀದಿ ತಿಂಡಿ

ಸಿಂಗಪುರಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಹಸಿವಾದ ಕೂಡಲೇ ಸೆರಂಗೂನ್ ರಸ್ತೆಯ ದಾರಿ ಹಿಡಿಯುತ್ತಾರೆ. 1947ರಿಂದ ನಡೆದು ಬಂದಿರುವ ಕೋಮಲ ವಿಲಾಸ್ ಅಲ್ಲಿದೆ, ನಮ್ಮ ಎಂ.ಟಿ.ಆರ್. ಕೂಡ ಇದೆ. ದೋಸೆಗೆ ಬರವಿಲ್ಲ, ಹೊಟ್ಟೆಗೂ ಮೋಸವಿಲ್ಲ. ಆದರೆ ಅಷ್ಟಕ್ಕೇ ವಾಪಸು ಬಂದವರು ಆ ಊರನ್ನು ಅರ್ಧ ಮಾತ್ರ ನೋಡಿದ್ದಾರೆ. ಉಳಿದರ್ಧ ಇರುವುದು ಹಾಕರ್ ಸೆಂಟರ್‌ಗಳಲ್ಲಿ.

ನಾಲ್ಕೂ ಕಡೆ ತೆರೆದ ದೊಡ್ಡ ಸೂರು. ಎ.ಸಿ. ಇಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಸುತ್ತ ಸಾಲುಸಾಲಾಗಿ ಪುಟ್ಟ ಅಂಗಡಿಗಳು, ನಡುವೆ ನೆಲಕ್ಕೆ ಬಿಗಿದ ಮೇಜು, ಸ್ಟೂಲು. ಒಂದೊಂದು ಅಂಗಡಿಯಲ್ಲಿ ಒಂದೋ ಎರಡೋ ತಿನಿಸು. ಅದನ್ನೇ ಇಪ್ಪತ್ತು ಮೂವತ್ತು ವರ್ಷ ಮಾಡಿ ಕೈ ಪಳಗಿದವರು ಒಳಗಿರುತ್ತಾರೆ. ಚೀನೀಯರ ಚಿಕನ್ ರೈಸ್ ಪಕ್ಕದಲ್ಲೇ ಮಲಯರ ತೆಂಗಿನಹಾಲಿನ ಅನ್ನ ನಾಸಿ ಲೆಮಾಕ್, ಅದರಾಚೆ ತಮಿಳು ಮುಸ್ಲಿಮರ ಬಿರಿಯಾನಿ. ನೀವು ಒಂದು ಕಡೆ, ಜೊತೆಗಿರುವವರು ಇನ್ನೊಂದು ಕಡೆ ಕೊಂಡು ಒಂದೇ ಮೇಜಿನಲ್ಲಿ ಕೂರಬಹುದು. ಗುರುತಿಲ್ಲದವರು ಎದುರಿಗೆ ಬಂದು ಕೂತರೂ ಯಾರೂ ಹುಬ್ಬೇರಿಸುವುದಿಲ್ಲ. ಇಂಥ ಕೇಂದ್ರಗಳು ಆ ಪುಟ್ಟ ದ್ವೀಪದಲ್ಲಿ 100ಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಅಡುಗೆಯೆಲ್ಲ ಮೊದಲು ಇದ್ದದ್ದು ಬೀದಿಯಲ್ಲೇ. ಬಂದರಿನ ಕೂಲಿಗಳಿಗೆ, ದೋಣಿಯವರಿಗೆ ಮನೆಯೂ ಇರಲಿಲ್ಲ, ಒಲೆಯೂ ಇರಲಿಲ್ಲ. ಅಡ್ಡೆ ಹೊತ್ತು, ಗಾಡಿ ತಳ್ಳಿಕೊಂಡು ಬಂದ ಹಾಕರ್‌ಗಳು ಅವರಿಗೆ ಊಟ ಹಾಕಿದರು. ಆದರೆ ಶುದ್ಧ ನೀರಿರಲಿಲ್ಲ. ಎಂಜಲು, ಮುಸುರೆ ಎಲ್ಲ ಚರಂಡಿ ಸೇರಿ, ಅಲ್ಲಿಂದ ಸಿಂಗಪುರ ನದಿಗೆ ಹೋಗುತ್ತಿತ್ತು. ಕಾಲರಾ, ಟೈಫಾಯ್ಡ್ ಭಯ ತಪ್ಪಿದ್ದಲ್ಲ. 1965ರಲ್ಲಿ ಸ್ವತಂತ್ರವಾದ ದೇಶಕ್ಕೆ ಇದೊಂದು ದೊಡ್ಡ ತಲೆನೋವು.

ಸರ್ಕಾರ ಗಾಡಿಗಳನ್ನು ಹೊತ್ತೊಯ್ದು ಗೋದಾಮಿಗೆ ಹಾಕಿಬಿಡಬಹುದಿತ್ತು. ಅದರ ಬದಲು 1968-69ರಲ್ಲಿ ಮೊದಲು ಎಲ್ಲರ ಹೆಸರು ಬರೆಸಿಕೊಂಡು ಲೈಸೆನ್ಸ್ ಕೊಟ್ಟಿತು. 1971ರಿಂದ ನಲ್ಲಿ, ಒಳಚರಂಡಿ, ವಿದ್ಯುತ್ ಇರುವ ಕೇಂದ್ರಗಳನ್ನು ಕಟ್ಟಿಸುತ್ತ, ಬೀದಿಯವರನ್ನು ಒಳಗೆ ಕರೆತರುತ್ತ ಹೋಯಿತು. 1986ರ ಹೊತ್ತಿಗೆ ಕೆಲಸ ಮುಗಿದಿತ್ತು. ಎಲ್ಲರೂ ನಗುನಗುತ್ತ ಬಂದರು ಅಂತಲ್ಲ. ಹಳೆಯ ಮೂಲೆಯಲ್ಲಿ ಕಾಯಂ ಗಿರಾಕಿ ಇದ್ದವರಿಗೆ ಹೊಸ ಜಾಗವೆಂದರೆ ಹೊಟ್ಟೆಪಾಡಿನ ಭಯ. ಆದರೂ ಮೊದಲ ಪೀಳಿಗೆಯವರಿಗೆ ಬಾಡಿಗೆ ಕಡಿಮೆ ಇಟ್ಟದ್ದರಿಂದ ತಟ್ಟೆಯ ಬೆಲೆ ಏರಲಿಲ್ಲ, ಕೈರುಚಿಯೂ ಕಳೆದುಹೋಗಲಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ ನಮ್ಮಲ್ಲೂ 2014ರಲ್ಲೇ ಬಂದಿದೆ. ಅದರಲ್ಲಿ ನಮಗೆ ಚೆನ್ನಾಗಿ ರೂಢಿಯಾಗಿರುವುದು ಎತ್ತಂಗಡಿ ಮಾತ್ರ.

ಇಂಥ ಕೇಂದ್ರಗಳಲ್ಲೊಂದಾದ ಟೆಕ್ಕಾ ಸೆಂಟರ್‌ಗೆ ಬೆಳಿಗ್ಗೆಯೇ ಹೋಗಬೇಕು. ಕೆಳಗೆ ತರಕಾರಿ, ಮೀನಿನ ಮಾರುಕಟ್ಟೆ, ಮೇಲೆ ಸೀರೆ ಅಂಗಡಿಗಳು. ಕೆಳಗಿನ ಒಂದು ಪಕ್ಕಕ್ಕೆ ಊಟದ ಸಾಲು. ಪ್ರಾಟಾ ಮಾಡುವವನ ಮುಂದೆ ಐದು ನಿಮಿಷ ನಿಲ್ಲಿ. ಎಣ್ಣೆಯಲ್ಲಿ ನೆನೆದ ಮೈದಾ ಉಂಡೆಯನ್ನು ಅಂಗೈಯಿಂದ ಒತ್ತಿ, ಅಂಚು ಹಿಡಿದು ಬೀಸುತ್ತಾನೆ. ಮೂರನೆಯ ಬೀಸಿಗೆ ಹಿಟ್ಟು ಎಷ್ಟು ತೆಳ್ಳಗಾಗುತ್ತದೆಂದರೆ ಹಿಂದಿನ ಕಲ್ಲಿನ ಮೇಜು ಅದರೊಳಗಿಂದ ಕಾಣುತ್ತದೆ. ನಾಲ್ಕು ಕಡೆಯಿಂದ ಮಡಿಸಿ ಕಾವಲಿಗೆ ಹಾಕಿ, ಕೆಂಪಗಾದ ಮೇಲೆ ತೆಗೆಯುತ್ತಾನೆ. ನಂಚಿಕೊಳ್ಳಲು ಸಾಮಾನ್ಯವಾಗಿ ಕೊಡುವುದು ಮೀನಿನ ಅಥವಾ ಕುರಿಮಾಂಸದ ಸಾರು. ಬೇಡವೆಂದರೆ ಬೇಳೆಸಾರು ಕೇಳಿ. ಸಕ್ಕರೆಯಲ್ಲಿ ಅದ್ದಿ ತಿನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪಲಾರೆ, ಮಕ್ಕಳಿಗಾದರೆ ಸರಿ.

ಪುಟು ಮಾಯಮ್ ಎಂಬ ಹೆಸರು ನೋಡಿ ಮುಂದೆ ಹೋಗಬೇಡಿ. ಅದು ನಮ್ಮ ಒತ್ತು ಶ್ಯಾವಿಗೆಯೇ. ಕಾಯಿಹಾಲಿನ ಬದಲು ತೆಂಗಿನ ತುರಿ, ಕಿತ್ತಳೆ ಬಣ್ಣದ ಸಕ್ಕರೆ ಉದುರಿಸಿ ಕೊಡುತ್ತಾರೆ. ಆ ಬಣ್ಣ ಕಂಡರೆ ಭಯವಾಗುತ್ತದೆ, ರುಚಿ ಮಾತ್ರ ಗುರುತಿನದೇ.

ಕಾಫಿಯ ವಿಷಯ ಬೇರೆ. ಅಲ್ಲಿ ಅದು ‘ಕೋಪಿ’. ಅದರ ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕರ್ರಗೆ ಹುರಿಯುತ್ತಾರೆ. ಉದ್ದನೆಯ ಬಟ್ಟೆಚೀಲದಲ್ಲಿ ಪುಡಿ ಹಾಕಿ, ಬಿಸಿನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿದು ಡಿಕಾಕ್ಷನ್ ಇಳಿಸುತ್ತಾರೆ. ಸುಮ್ಮನೆ ‘ಕೋಪಿ’ ಅಂದರೆ ಸಿಹಿ ಕಂಡೆನ್ಸ್‌ಡ್ ಹಾಲು ಹಾಕಿದ್ದು ಬರುತ್ತದೆ. ‘ಕೋಪಿ ಒ’ ಅಂದರೆ ಹಾಲಿಲ್ಲ, ಸಕ್ಕರೆಯುಂಟು. ‘ಕೋಪಿ ಸಿ’ ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು, ಸಕ್ಕರೆ ಬೇರೆ. ಸಕ್ಕರೆ ಕಾಯಿಲೆಯವರು ‘ಒ’ ಅಥವಾ ‘ಸಿ’ಯ ಜೊತೆ ‘ಕೊಸೊಂಗ್’ ಎಂದು ಸೇರಿಸಿದರೆ ಸಾಕು, ಸಕ್ಕರೆ ಬೀಳುವುದಿಲ್ಲ. ಚಿಕ್ಕಮಗಳೂರಿನ ಪೀಬರಿಗೆ ಒಗ್ಗಿದ ನಾಲಿಗೆಗೆ ಮೊದಲ ಗುಟುಕು ಸುಟ್ಟ ಬೆಲ್ಲದ ಹಾಗೆ ತಾಗುತ್ತದೆ. ಜೊತೆಗೆ ಕಾಯಾ ಹಚ್ಚಿದ ಟೋಸ್ಟ್ ಕೊಡುತ್ತಾರೆ. ಕಾಯಾದಲ್ಲಿ ತೆಂಗಿನಹಾಲಿನ ಜೊತೆ ಮೊಟ್ಟೆಯಿರುತ್ತದೆ, ಗೊತ್ತಿರಲಿ.

ಸಸ್ಯಾಹಾರಿಗಳು ನಿಜಕ್ಕೂ ಎಚ್ಚರ ವಹಿಸಬೇಕು. ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲೂ ಸೀಗಡಿ ಪೇಸ್ಟ್ ಇರಬಹುದು. ಹಣ್ಣು, ಸೌತೆಕಾಯಿ ಕಲಸಿ ಕೊಡುವ ಚೀನೀ ರೊಜಾಕ್‌ನಲ್ಲಿ ಅದೇ ಮುಖ್ಯ. ‘ಕ್ಯಾರೆಟ್ ಕೇಕ್’ ಎಂಬುದರಲ್ಲಿ ಕ್ಯಾರೆಟ್ಟೂ ಇಲ್ಲ, ಕೇಕೂ ಅಲ್ಲ. ಮೂಲಂಗಿ, ಅಕ್ಕಿಹಿಟ್ಟಿನ ತುಂಡುಗಳನ್ನು ಮೊಟ್ಟೆಯ ಜೊತೆ ಹುರಿದದ್ದು. ಆದರೆ ಹಲವು ಕೇಂದ್ರಗಳಲ್ಲಿ ಬೌದ್ಧ ಸಂಪ್ರದಾಯದ ಚೀನೀ ಸಸ್ಯಾಹಾರಿ ಅಂಗಡಿ ಇರುತ್ತದೆ. ಅಲ್ಲಿ ಎಷ್ಟೋ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಅಜ್ಜಿಯರು ಕೂಡ ಧೈರ್ಯವಾಗಿ ಕೂರಬಹುದು, ಗೋಧಿಯ ಗ್ಲುಟೆನ್‌ನಲ್ಲಿ ಮಾಡಿದ ‘ಬಾತುಕೋಳಿ’ ನೋಡಿ ಗಾಬರಿಯಾಗದಿದ್ದರೆ.

ಸಂಜೆಗೆ ಲಾವ್ ಪಾ ಸಾಟ್. 1894ರಲ್ಲಿ ಎದ್ದು ನಿಂತ ಎಂಟು ಮೂಲೆಯ ಮಾರುಕಟ್ಟೆ. ಅದರ ಕಬ್ಬಿಣದ ಕಂಬಗಳು ಗ್ಲಾಸ್ಗೊದಿಂದ ಬಂದವು. ಕತ್ತಲಾದ ಮೇಲೆ ಪಕ್ಕದ ಬೂನ್ ಟಾಟ್ ಬೀದಿಗೆ ವಾಹನ ಬಿಡುವುದಿಲ್ಲ, ರಸ್ತೆಯ ಮೇಲೇ ಮೇಜು ಹಾಕಿ, ಕಡ್ಡಿಗೆ ಚುಚ್ಚಿದ ಮಾಂಸದ ಸಾಟೇ ಸುಡುತ್ತಾರೆ. ಬೀದಿಯಿಂದ ಎಬ್ಬಿಸಿದ ತಿಂಡಿಯನ್ನು ಮತ್ತೆ ಬೀದಿಗೆ ಕರೆದಿರುವುದು ತಮಾಷೆ. ನೋಡಲು ಚೆಂದ, ಬೆಲೆ ಮಾತ್ರ ಪ್ರವಾಸಿಗರದ್ದು.

ಇಷ್ಟೆಲ್ಲದರ ಹಿಂದೆ ಒಂದು ಚಿಂತೆಯಿದೆ. ಹಾಕರ್‌ಗಳ ಸರಾಸರಿ ವಯಸ್ಸು 60ರ ಆಸುಪಾಸು. ನಸುಕಿನಲ್ಲೇ ಎದ್ದು ದಿನವಿಡೀ ಬೆಂಕಿಯ ಮುಂದೆ ನಿಂತವರು ಮಕ್ಕಳನ್ನು ಓದಿಸಿದರು. ಓದಿದ ಮಕ್ಕಳು ಒಲೆಯ ಮುಂದೆ ಬರಲಿಲ್ಲ. ಹೊಸಬರಿಗೆ ತರಬೇತಿ ಕೊಡುವ ಯೋಜನೆಗಳನ್ನು ಸರ್ಕಾರ ತಂದಿದೆ. ಆದರೆ ಮೂಲ ತೊಡಕು ಬೆಲೆಯದ್ದು. 2016ರಲ್ಲಿ ಚೈನಾಟೌನ್ ಕಾಂಪ್ಲೆಕ್ಸಿನ ಒಂದು ಸೋಯಾ ಚಿಕನ್ ಅಂಗಡಿಗೆ ಮಿಶೆಲಿನ್ ನಕ್ಷತ್ರ ಸಿಕ್ಕಿತು. ಎರಡು ಡಾಲರಿನ ಊಟಕ್ಕೆ ನಕ್ಷತ್ರ ಎಂದು ಪತ್ರಿಕೆಗಳು ಬೆರಗಾದವು. ಆ ಎರಡು ಡಾಲರಿನಲ್ಲಿ ಅಡುಗೆಯವನಿಗೆ ಉಳಿಯುವುದೆಷ್ಟು ಎಂದು ಕೇಳಿದವರು ಕಡಿಮೆ. ಹಾಕರ್ ಊಟ ಅಗ್ಗವಾಗಿಯೇ ಇರಬೇಕೆಂದು ಹಟ ಹಿಡಿದ ಊರಿನಲ್ಲಿ ಆ ಅಗ್ಗದ ಭಾರವನ್ನು ಹೊತ್ತಿರುವುದು ವಯಸ್ಸಾದ ಆ ಕೈಗಳೇ.

ಹೋದರೆ ಚೌಕಾಸಿ ಮಾಡಬೇಡಿ. ಚಿಲ್ಲರೆ ಡಾಲರ್ ಜೇಬಿನಲ್ಲಿರಲಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಯಾರೋ ಮರೆತು ಹೋದದ್ದಲ್ಲ, ಜಾಗ ಹಿಡಿದು ಹೋದದ್ದು. ಬೇರೆ ಕಡೆ ಕೂರಿ. ಉಂಡಾದ ಮೇಲೆ ತಟ್ಟೆಯನ್ನು ನೀವೇ ಒಯ್ದು ತಟ್ಟೆ ಹಿಂತಿರುಗಿಸುವ ಜಾಗದಲ್ಲಿಡಿ. ಹಲಾಲ್ ತಟ್ಟೆಗೆ ಬೇರೆ ಜಾಗವಿರುತ್ತದೆ, ಫಲಕ ನೋಡಿಕೊಳ್ಳಿ. 2021ರ ಸೆಪ್ಟೆಂಬರಿನಿಂದ ತಟ್ಟೆ ಒಯ್ದಿಡುವುದು ಬರೀ ಸೌಜನ್ಯವಲ್ಲ, ಅಲ್ಲಿನ ಕಾನೂನು. ಎಚ್ಚರಿಸಿದರೂ ಕೇಳದವರಿಗೆ ದಂಡ ಬೀಳುತ್ತದೆ.